ಬಲಗಡೆ ಮೊದಲು

ಲಿಂಗಸುಗೂರಿನ ದಾಕ್ಟರಮ್ಮ ತೀರಿಕೊಂಡ ಸುದ್ದಿಯನ್ನು ಮಸ್ಕಿಗೆ ತಂದವನು ಮೋಟಾರು ಏಜೆಂಟ ಪಂಪಣ್ಣ. ಬೆಳಗಿನ ಗಾಡಿಯಿಂದ ಇಳಿದವನೇ ಚಹಾ ಕೂಡ ಕುಡಿಯದೆ ಹುಸೇನ್‌ಬೀಯ ಬಾಗಿಲಿಗೆ ಬಂದು, ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಅವನು ಬಾಯಿ ಬಿಡುವ ಮೊದಲೇ ಹುಸೇನ್‌ಬೀಗೆ ಗೊತ್ತಾಗಿಹೋಯಿತು. ಸಾವಿನ ಸುದ್ದಿ ತಂದವರು ಬಾಗಿಲಲ್ಲಿ ನಿಲ್ಲುವ ರೀತಿಯೇ ಬೇರೆ. ಅದನ್ನು ಅವಳು ಮೊದಲು ಲಿಂಗಸುಗೂರಿನಲ್ಲಿ, ಆಮೇಲೆ ಮಸ್ಕಿಯಲ್ಲಿ ನೋಡುತ್ತಲೇ ಬಂದಿದ್ದಳು. ಮುಸಲ್ಮಾನ ಹೆಂಗಸರು ಸತ್ತರೆ ಮಯ್ಯತ್ ತೊಳೆದು ಕಫನ್ ಉಡಿಸುವ ಕೆಲಸ ಅವಳದು.

"ಅಕ್ಕಾ, ನಸುಕಿನ್ಯಾಗ ಎದಿ ಹಿಡಕೊಂಡು ಕುಂತಾಳಂತ. ಕುಂತಾಕಿ ಹಂಗ ಹೋಗಿಬಿಟ್ಟಾಳ," ಎಂದ ಪಂಪಣ್ಣ. "ಇವತ್ತ ಹೊತ್ತು ಇಳಿಯೂದ್ರಾಗ ಮಣ್ಣು ಮಾಡ್ತಾರ."

ಒಳಗೆ ಕೌದಿಯ ಮೇಲೆ ಮಲಗಿದ್ದ ಮಗಳು ಶಂಶಾದ್‌ಬೀ ಎದ್ದು ಕುಳಿತಳು. ಸಿಂಧನೂರಿನ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆ ಬಂದ ಹುಡುಗಿ. ಏಳು ತಿಂಗಳ ಹೊಟ್ಟೆ. "ಅಮ್ಮಾ, ಹಂಗಾರ ನನ್ನ ಹೆರಿಗಿ?" ಎಂದಳು. ಸತ್ತವಳಿಗಾಗಿ ಅಳುವ ಮೊದಲು ತನ್ನ ಚಿಂತೆ ಬಂತಲ್ಲ ಎಂದು ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆದರೆ ಆ ಚಿಂತೆ ಸುಳ್ಳಲ್ಲ. ಹೋದ ತಿಂಗಳಷ್ಟೇ ದಾಕ್ಟರಮ್ಮ ಅವಳ ಹೊಟ್ಟೆ ಮುಟ್ಟಿ ನೋಡಿ, "ಇಕಿ ಸೊಂಟ ಸಣ್ಣದೈತಿ ಬೇ ಹುಸೇನ್‌ಬೀ. ಸೂಲಗಿತ್ತಿ ಕೈಯಾಗ ಬಿಡಬ್ಯಾಡ. ಈ ಕೂಸನ್ನ ನಾನ ಹಿಡಿಯಾಕಿ," ಎಂದಿದ್ದಳು.

ಹುಸೇನ್‌ಬೀ ಅಳುತ್ತ ಕೂರಲಿಲ್ಲ. ಕರ್ಪೂರ, ತೊಳೆಯುವ ನೀರಿಗೆ ಹಾಕಲು ಒಣಗಿಸಿಟ್ಟ ಬಾರಿ ಎಲೆ, ಮಡಿಕೆ ಬಿಚ್ಚದ ಬಿಳಿ ಬಟ್ಟೆ ಗಂಟು ಕಟ್ಟಿಕೊಂಡು ಹೊಸ್ತಿಲು ದಾಟಿದಳು. ದಾಟಿದರೆ ಎದುರಿಗೆ ಜಂಗ್ಲಿಸಾಬ್. ಮಸೀದಿಯ ಉಸ್ತುವಾರಿ ಅವನದು. ಊರಲ್ಲಿ ಯಾವ ಸುದ್ದಿಯಾದರೂ ಅವನ ಕಿವಿಗೆ ಒಂದು ಸಲ ಹಾಯ್ದೇ ಮುಂದೆ ಹೋಗಬೇಕು. ಗಂಟಿನಿಂದ ಬರುತ್ತಿದ್ದ ಕರ್ಪೂರದ ವಾಸನೆಯೇ ಅವನಿಗೆ ಎಲ್ಲವನ್ನೂ ಹೇಳಿತ್ತು.

"ಮಣ್ಣಿಗೆ ಹೋಗ್ತೀ ಅಂದ್ರ ಹೋಗು, ಹುಸೇನ್‌ಬೀ. ಆಕಿ ಉಪಕಾರ ನಿನ್ನ ಮ್ಯಾಲ ಐತಿ, ನಾನೂ ಬಲ್ಲೆ. ತೊಳಿಯಾಕ ಮಾತ್ರ ಕೈ ಹಚ್ಚಬ್ಯಾಡ."

"ಮಾತು ಕೊಟ್ಟೀನಿ, ಚಾಚಾ."

"ಯಾರಿಗೆ? ಹುಟ್ಟಿದ್ದು ಯಹೂದಿ, ಸತ್ತದ್ದು ಕಿರಸ್ತಾನ. ನಮ್ಮ ಗುಸುಲಿನ ಜಳಕ ಆಕಿಗೆ ಹ್ಯಾಂಗ ಸಲ್ತದ?" ಅವನು ದನಿ ತಗ್ಗಿಸಿದ. "ನಲವತ್ತೆಂಟರ ಗದ್ದಲದಾಗ ಎಷ್ಟು ಮಂದಿ ಕೊಳ್ಳಾಗ ಶಿಲುಬಿ ಹಾಕ್ಕೊಂಡ್ರು, ಎಷ್ಟು ಮಂದಿ ತಿರಗಿ ಬಿಚ್ಚಲಿಲ್ಲ, ನಿಂಗ ಗೊತ್ತಿಲ್ಲೇನು? ಉಳದದ್ದು ನಾವು ಹಿಡಿಯಷ್ಟು ಮಂದಿ. ಬೇಲಿ ಹಾಕದಿದ್ರ ಇದೂ ಉಳಿಯಂಗಿಲ್ಲ. ಇವತ್ತ ನೀ ಆಕಿನ್ನ ತೊಳದ್ರ, ನಾಳಿ ನಮ್ಮ ಮಯ್ಯತ್‌ಗೆ ನಿನ್ನ ಕೈ ಬ್ಯಾಡ ಅಂತ ಜಮಾತ್ ಅಂತದ. ಮೊದಲು ನಾನ ಅಂತೀನಿ."

ಜಂಗ್ಲಿಸಾಬ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹುಸೇನ್‌ಬೀಗೆ ಸುಲಭವಾಗುತ್ತಿತ್ತು, ಎರಡು ಮಾತು ಬೈದು ಗಾಡಿ ಹತ್ತುತ್ತಿದ್ದಳು. ಗದ್ದಲದಲ್ಲಿ ಅವನ ಇಬ್ಬರು ಮಕ್ಕಳು ಹೋಗಿದ್ದರು. ಅಂದಿನಿಂದ ಉಳಿದವರನ್ನು ಎಣಿಸುತ್ತ, ಬೇಲಿ ಬಿಗಿಯುತ್ತ ಕೂತ ಮನುಷ್ಯ. ಗಂಟನ್ನು ಕಂಕುಳಿಗೆ ಒತ್ತಿಕೊಂಡು ಹುಸೇನ್‌ಬೀ ಮೋಟಾರಿನತ್ತ ನಡೆದಳು. ಮಯ್ಯತ್ ತೊಳೆಯುವ ಕೆಲಸಕ್ಕೆ ಅವಳು ಎಂದೂ ಕೂಲಿ ಹಿಡಿದವಳಲ್ಲ. ವಿಧವೆಯಾಗಿ ಅಣ್ಣನ ಆಸರೆಗೆ ಬಂದವಳಿಗೆ ಊರು ಕೊಟ್ಟ ಮಾನ ಅದೊಂದೇ. ಅದು ಇವತ್ತು ಹೋಗುವ ಹಾಗೆ ಕಂಡಿತು.

ಗಾಡಿ ಎರೆಹೊಲಗಳ ನಡುವೆ ಧೂಳೆಬ್ಬಿಸುತ್ತ ಹೊರಟಿತು. ಹುಸೇನ್‌ಬೀಯ ಕಣ್ಣಿಗೆ ಹೊಲ ಕಾಣಲಿಲ್ಲ.

ದಾಕ್ಟರಮ್ಮ ಲಿಂಗಸುಗೂರಿನ ಮಿಷನ್ ದವಾಖಾನೆಗೆ ಬಂದದ್ದು ಎರಡನೇ ದೊಡ್ಡ ಯುದ್ಧ ಶುರುವಾಗುವ ವರ್ಷ. ಹೆಸರು ಮಿರಿಯಾಮ್. ಹುಟ್ಟಿನಿಂದ ಯಹೂದಿ, ಆಮೇಲೆ ಕಿರಸ್ತಾನಳಾದವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಿರಸ್ತಾನರು ಅದನ್ನು ಮರಿಯಳು ಎಂದರು, ಮುಸಲ್ಮಾನರು ಮರಿಯಮ್‌ಬೀ ಎಂದರು, ಉಳಿದ ಊರು ಮರಿಯಮ್ಮ ಎಂದು ಕೈಮುಗಿದೇಬಿಟ್ಟಿತು. ಯಾರಿಗೂ ಜಗಳವಿಲ್ಲದ ಹೆಸರು. ಹಾಲು ಮಾರುವವಳಿಂದ ಕನ್ನಡ ಕಲಿತದ್ದರಿಂದ ಅಮಲ್ದಾರರ ಹೆಂಡತಿಯನ್ನೂ "ನಾಲಿಗಿ ತೋರ್ಸು ಬೇ" ಎನ್ನುತ್ತಿದ್ದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹುಸೇನ್‌ಬೀಯ ಗಂಡ ಅಲ್ಲಾಭಕ್ಷ್ ಅವಳನ್ನು ಹಳ್ಳಿಹಳ್ಳಿಗೆ ತನ್ನ ಜಟಕಾದಲ್ಲಿ ಕರೆದೊಯ್ಯುತ್ತಿದ್ದ.

ಆಮೇಲೆ ನಲವತ್ತೆಂಟನೇ ಇಸವಿ. ಮೊದಲು ರಜಾಕಾರರು ಮೆರೆದರು, ಹಳ್ಳಿಗಳನ್ನು ಸುಟ್ಟರು. ಫೌಜು ಬಂದ ಮೇಲೆ ಮೆರೆದವರು ಓಡಿಹೋದರು, ಅವರು ಮಾಡಿದ್ದರ ಸೇಡು ಜಟಕಾ ಹೊಡೆಯುವವರ, ಬಳೆ ಮಾರುವವರ ಮೇಲೆ ಬಿತ್ತು. ಸಿಂಧನೂರಿನ ರಸ್ತೆಯಲ್ಲಿ ಅಲ್ಲಾಭಕ್ಷನನ್ನು ಕಡಿದು ಬಾವಿಗೆ ಹಾಕಿದರು. ಆ ಬಾವಿಯಲ್ಲಿ ಅವನೊಬ್ಬನೇ ಇರಲಿಲ್ಲ. ಯಾರನ್ನೂ ಮೇಲಕ್ಕೆ ತೆಗೆಯಲಿಲ್ಲ, ಮಣ್ಣು ಮುಚ್ಚಿದರು. ಊರಿನ ಮಯ್ಯತ್‌ಗಳನ್ನೆಲ್ಲ ತೊಳೆದವಳಿಗೆ ತನ್ನ ಗಂಡನ ಮುಖದ ಮೇಲೆ ಒಂದು ಬೊಗಸೆ ನೀರು ಹಾಕಿಸುವುದಾಗಲಿಲ್ಲ.

ಹುಸೇನ್‌ಬೀ ಮಗಳನ್ನು ಎಳೆದುಕೊಂಡು ದವಾಖಾನೆಗೆ ಓಡಿದ್ದಳು. ಅಲ್ಲಿ ಅವಳಂಥ ಹೆಂಗಸರು ಇನ್ನೂ ಇದ್ದರು. ದಾಕ್ಟರಮ್ಮ ಎಲ್ಲರ ಕೊರಳಿಗೂ ದಾರದಲ್ಲಿ ಕಟ್ಟಿಗೆಯ ಶಿಲುಬೆ ಕಟ್ಟಿದಳು, ಕಿರಸ್ತಾನರ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸಿದಳು. ಮಧ್ಯಾಹ್ನದ ಉರಿಬಿಸಿಲಲ್ಲಿ ಕೊಡಲಿ ಹಿಡಿದವರು ಬಂದಾಗ ಪಾದ್ರಿ ದಾನಿಯೇಲಪ್ಪ ಮೆಟ್ಟಿಲ ಮೇಲೆ ನಿಂತು, ಕೈಯಲ್ಲಿದ್ದ ಬೈಬಲ್ಲನ್ನು ಎದೆಗೊತ್ತಿಕೊಂಡು, "ಇವರೆಲ್ಲ ನಮ್ಮವರು," ಎಂದ. ಹುಟ್ಟಿದಾಗಿನಿಂದ ಸುಳ್ಳಾಡದ ಮನುಷ್ಯ. ಬಂದವರು ಹಿಂದೆ ನಿಂತಿದ್ದ ಹುಸೇನ್‌ಬೀಯನ್ನೇ ಮುಂದಕ್ಕೆ ಕರೆದು ಪ್ರಾರ್ಥನೆ ಹೇಳಿಸಿದರು. ಹೇಳಿದಳು, ಒಂದು ಮಾತೂ ತಪ್ಪಲಿಲ್ಲ. ಅವರು ಹೋದ ಮೇಲೆ ಬಾಯಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಂಡಳು.

"ತಿಕ್ಕಬ್ಯಾಡ ಬೇ, ಹೋಗಂಗಿಲ್ಲ ಅದು," ಎಂದಿದ್ದಳು ದಾಕ್ಟರಮ್ಮ. "ನಾನೂ ಹಂಗ ಬದುಕಿದಾಕಿ."

ಅದೇನೆಂದು ತಿಳಿದದ್ದು ಮುಂದೊಂದು ಶುಕ್ರವಾರ ಸಂಜೆ. ದಾಕ್ಟರಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಎರಡು ದೀಪ ಹಚ್ಚಿ, ಕಣ್ಣಿಗೆ ಕೈ ಮುಚ್ಚಿಕೊಂಡು ಯಾವುದೋ ಭಾಷೆಯಲ್ಲಿ ಗುನುಗುತ್ತಿದ್ದಳು. ಹುಸೇನ್‌ಬೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: "ನಮ್ಮ ಯಹೂದಿ ಮಂದಿ ಹಿಂದಕ ಸ್ಪೇನ್ ಅನ್ನೋ ದೇಶದಾಗ ಇದ್ರು. ಅಲ್ಲಿ ಬಾದಶಹಾ ನಿಮ್ಮವರು, ಹಕೀಮರು ನಮ್ಮವರು. ಜಗಳ ಇರಲಿಲ್ಲ ಅಂತಲ್ಲ, ಆದ್ರ ಒಂದ ಬಾವಿ ನೀರು ಕುಡೀತಿದ್ರು. ಆಮ್ಯಾಲ ಕಿರಸ್ತಾನ ರಾಜರು ಗೆದ್ರು. ತಲಿ ಮ್ಯಾಲ ದೀಕ್ಷಾದ ನೀರು ಹಾಕಿಸಿಕೊಳ್ರಿ, ಇಲ್ಲಾಂದ್ರ ನಡೀರಿ ಅಂದ್ರು. ನಮಗೂ ಅಂದ್ರು, ನಿಮ್ಮವರಿಗೂ ಅಂದ್ರು. ಹೋದವರಿಗೆ ತುರ್ಕಿ ಸುಲ್ತಾನ ಜಾಗ ಕೊಟ್ಟ. ಉಳದವರು ನೀರು ಹಾಕಿಸಿಕೊಂಡು ಚರ್ಚಿಗೆ ಹೋದ್ರು, ಮನಿಗೆ ಬಂದು ಬಾಗಿಲು ಹಾಕ್ಕೊಂಡು ದೀಪ ಹಚ್ಚಿದ್ರು. ಐನೂರು ವರ್ಷದ ಹಿಂದಿನ ಮಾತು. ನೋಡು, ನಾನೂ ಇವತ್ತ ಅದನ್ನ ಮಾಡಾಕತ್ತೀನಿ."

ಸುಲ್ತಾನ ಜಾಗ ಕೊಟ್ಟ ಸಮುದ್ರದ ದಂಡೆಯ ಊರಲ್ಲೇ ಅವಳ ತಾಯಿಯ ಮನೆ. ಅವಳು ವೈದ್ಯಕೀಯ ಓದಲು ಬೇರೆ ದೇಶಕ್ಕೆ ಹೋದಳು. ಅಲ್ಲಿ ಯಹೂದಿಗಳ ಬೇಟೆ ಶುರುವಾಯಿತು. ಹೊರಗೆ ದಾಟಿಸಬಲ್ಲ ಮಿಷನ್ನಿನವರಿಗೆ ಬೇಕಿದ್ದದ್ದು ಒಬ್ಬ ಕಿರಸ್ತಾನ ದಾಕ್ಟರು. ಅವಳು ತಲೆಯ ಮೇಲೆ ನೀರು ಹಾಕಿಸಿಕೊಂಡು ಬದುಕಿದಳು. ಯುದ್ಧದ ನಡುವೆ ಅತ್ತ ತಾಯಿಯನ್ನೂ ತಂಗಿಯರನ್ನೂ ರೈಲಿಗೆ ತುಂಬಿಕೊಂಡು ಹೋಗಿ, ಕೊಂದು ಸುಟ್ಟರು.

"ನನ್ನ ತಾಯಿನ್ನ ಯಾರೂ ತೊಳೀಲಿಲ್ಲ ಬೇ. ಹೊಗಿ ಆಗಿ ಹೋದ್ಲು," ಎಂದಳು ದಾಕ್ಟರಮ್ಮ. "ನಿನ್ನ ಗಂಡನ್ನೂ ಯಾರೂ ತೊಳೀಲಿಲ್ಲ. ನಾ ಸತ್ರ ನೀ ತೊಳಿ. ಬದುಕಾಕ ಹಾಕಿಸಿಕೊಂಡ ನೀರು, ಸಾಯೂ ಮುಂದರ ಮೈಯಿಂದ ಇಳೀಲಿ. ನಮ್ಮಲ್ಲಿ ಬಲಗಡಿ ಮೊದಲು."

"ನಮ್ಮಲ್ಲೂ ಹಂಗ ರೀ."

"ಕಡೀಕ ನೀರು ಹಾಕೂ ಮುಂದ ಧಾರಿ ಕಡೀಬಾರ್ದು. ಒಂದು ಕೊಡ ಮುಗಿಯೂದ್ರಾಗ ಇನ್ನೊಂದು ಸುರು ಆಗಬೇಕು. ಅದಕ್ಕ ಇಬ್ಬರು ಬೇಕು."

"ಇನ್ನೊಬ್ಬಾಕಿನ್ನ ಎಲ್ಲಿಂದ ತರ್ಲಿ?"

"ಸತ್ತಾಕಿನ್ನ ಕೇಳ್ತೀಯೇನು? ನೀನ ಹುಡುಕು," ಎಂದು ದಾಕ್ಟರಮ್ಮ ನಕ್ಕಿದ್ದಳು. ಹುಸೇನ್‌ಬೀ ಅವಳ ಕೈ ಹಿಡಿದು ಹ್ಞೂಂ ಎಂದಿದ್ದಳು.

ಲಿಂಗಸುಗೂರಿನ ದವಾಖಾನೆಯ ಅಂಗಳದಲ್ಲಿ ಮಂದಿ ನೆರೆದಿತ್ತು. ಬೇವಿನ ಗಿಡದ ಕೆಳಗೆ ಚರ್ಚಿನ ಸಭೆಯ ಹಿರಿಯರು ಕುಳಿತಿದ್ದರು, ಬಡಿಗ ಪೆಟ್ಟಿಗೆಯ ಮುಚ್ಚಳಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಒಳಗೆ ಮಂಚದ ಮೇಲೆ ದಾಕ್ಟರಮ್ಮ ಬಿಳಿ ನಿಲುವಂಗಿ ತೊಟ್ಟು, ಬೂಟು ಹಾಕಿಸಿಕೊಂಡು, ಎದೆಯ ಮೇಲೆ ಶಿಲುಬೆ ಇಟ್ಟುಕೊಂಡು ಮಲಗಿದ್ದಳು. ತಡವಾಯಿತು ಎಂದುಕೊಂಡಳು ಹುಸೇನ್‌ಬೀ.

"ಜಳಕ ಆಗೇದಲ್ಲಮ್ಮ. ಮಾರ್ಥಾ ಮಾಡಿಸ್ಯಾಳ," ಎಂದ ಪಾದ್ರಿ ದಾನಿಯೇಲಪ್ಪ. ಮಾರ್ಥಮ್ಮ ಅವನ ಹೆಂಡತಿ. ಅತ್ತು ಅತ್ತು ಇಬ್ಬರ ಕಣ್ಣೂ ಊದಿದ್ದವು.

"ಪಾದ್ರಿಯೋರ, ಒಂದ ಸಲ ನನ್ನ ಕೈಲಿ ನೀರು ಹಾಕ್ತೀನಿ. ಆಕಿ ಕೇಳಿಕೊಂಡಿದ್ಲು."

"ಯಾಕ?"

ಯಾಕೆಂದು ಹೇಳಿದರೆ ಬೇವಿನ ಗಿಡದ ಕೆಳಗಿನ ಹಿರಿಯರ ಕಿವಿಗೂ ಬೀಳುತ್ತದೆ. ಅವರು ತಮ್ಮ ಸ್ಮಶಾನದಲ್ಲಿ ಜಾಗ ಕೊಡದೆ ಹೋದರೆ? ಜಂಗ್ಲಿಸಾಬನಂಥವರ ಖಬರಸ್ತಾನದಲ್ಲಂತೂ ಜಾಗವಿಲ್ಲ. ಸುಲ್ತಾನನ ಊರು ಯಾವ ಲೋಕದಲ್ಲಿದೆಯೋ. ಹೇಳದಿದ್ದರೆ ತೊಳೆಯಲು ಬಿಡುವುದಿಲ್ಲ.

ದಾನಿಯೇಲಪ್ಪ ಹತ್ತಿರ ಬಂದ. "ಒಂದು ಕೇಳ್ತೀನಿ, ಖರೆ ಹೇಳು. ಇಷ್ಟು ವರ್ಷ ಚರ್ಚಿನ್ಯಾಗ ನನ್ನ ಕೈಯಾರ ಆಕಿಗೆ ಕರ್ತನ ರೊಟ್ಟಿ ಕೊಟ್ಟೀನಿ. ಆಕಿ ತಗೊಳ್ಳುವಾಗ ನನ್ನ ಮಾರಿ ನೋಡ್ತಿರಲಿಲ್ಲ. ಆಕಿ ನಮ್ಮಾಕಿ ಇದ್ಲೋ, ಇಲ್ಲೋ? ನಿನ್ನ ಮುಂದ ಎಲ್ಲಾ ಹೇಳ್ತಿದ್ಲು."

ಅಂದು ಮೆಟ್ಟಿಲ ಮೇಲೆ ನಿಂತು ಅವನಾಡಿದ ಸುಳ್ಳಿನಿಂದ ತಾನೂ ತನ್ನ ಮಗಳೂ ಉಸಿರಾಡುತ್ತಿದ್ದೇವೆ ಎಂಬುದು ಹುಸೇನ್‌ಬೀಗೆ ನೆನಪಾಯಿತು.

"ನಿಮ್ಮಾಕೀನ ರೀ," ಎಂದಳು.

ದಾನಿಯೇಲಪ್ಪ ದೊಡ್ಡದೊಂದು ಉಸಿರು ಬಿಟ್ಟ. "ಹಂಗಾರ ಹಾಕಮ್ಮ. ನಿನ್ನ ಪ್ರೀತಿ ನೀರಿಗೆ ನಾ ಯಾಕ ಬ್ಯಾಡ ಅನ್ಲಿ," ಎಂದು ಕಣ್ಣೊರೆಸಿಕೊಂಡು ಹೊರಗೆ ಹೋದ. ಹುಸೇನ್‌ಬೀಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಗುಟ್ಟು ಬಲ್ಲ ಒಬ್ಬಳೇ ಒಬ್ಬಳು ಗೆಳತಿ ತಾನೇ, ದಾಕ್ಟರಮ್ಮನ ಹೆಣದ ಮುಂದೆ ನಿಂತು, ಅವಳು ಜನ್ಮವಿಡೀ ಬಾಗಿಲು ಹಾಕಿ ಕಾಪಾಡಿಕೊಂಡದ್ದನ್ನು ಇಲ್ಲವೆಂದುಬಿಟ್ಟಿದ್ದಳು.

ಮಾರ್ಥಮ್ಮ ಬಾಗಿಲಿಗೆ ಅಗುಳಿ ಹಾಕಿದಳು. ಇಬ್ಬರೂ ಸೇರಿ ಬೂಟು ಬಿಚ್ಚಿದರು, ನಿಲುವಂಗಿ ತೆಗೆದರು, ಮೈಮೇಲೊಂದು ಬಟ್ಟೆ ಹೊದಿಸಿ ಹಲಗೆಗೆ ಇಳಿಸಿದರು. ಹುಸೇನ್‌ಬೀ ಬಲಗೈಯಿಂದ ಶುರುಮಾಡಿ, ಬಲಗಾಲು, ಆಮೇಲೆ ಎಡಗಡೆ ತೊಳೆದಳು. ಬಾಯಿಗೆ ರೂಢಿಯಾದ ದುಆ ತುಟಿಯವರೆಗೆ ಬಂದಿತು, ಕಚ್ಚಿ ಹಿಡಿದಳು. ದಾಕ್ಟರಮ್ಮನ ಮಂದಿಯ ಪ್ರಾರ್ಥನೆ ಬಲ್ಲವರು ಆ ಸೀಮೆಯಲ್ಲೇ ಇರಲಿಲ್ಲ. ಕಡೆಗೆ ಕೊಡ ಎತ್ತಿಕೊಂಡು, "ಮಾರ್ಥಕ್ಕ, ನನ್ನ ಕೊಡ ಮುಗಿಯೂದ್ರಾಗ ನೀ ಸುರು ಮಾಡು. ಧಾರಿ ಕಡೀಬಾರ್ದು," ಎಂದಳು.

ಮಾರ್ಥಮ್ಮ ಯಾಕೆಂದು ಕೇಳಲಿಲ್ಲ. ಕೊಡ ತುಂಬಿಕೊಂಡು ಬಂದು ಎದುರಿಗೆ ನಿಂತಳು. "ಆಕಿ ಕೋಣ್ಯಾಗಿನ ದೀಪಕ್ಕ ಎಣ್ಣಿ ಹಾಕ್ತಿದ್ದಾಕಿ ನಾನ ಅಲ್ಲೇನು?" ಎಂದಳು ಮೆಲ್ಲಗೆ. "ಶುಕ್ರವಾರ ಬಂದ್ರ ಎರಡು ದೀಪ. ನನಗ ಗೊತ್ತಿಲ್ಲೇನು? ಪಾದ್ರಿಯೋರಿಗೆ ಹೇಳಬ್ಯಾಡವಾ. ದೊಡ್ಡ ಮನಸಿನವರು ಖರೆ, ಆದ್ರ ಇದನ್ನ ತಡಕೊಳ್ಳಂಗಿಲ್ಲ."

ಒಬ್ಬಳ ಕೊಡ ಬರಿದಾಗುವ ಮೊದಲು ಇನ್ನೊಬ್ಬಳದು ಬಾಗಿತು. ನೀರು ತಲೆಯಿಂದ ಪಾದದವರೆಗೆ ಒಂದೇ ಸಮನೆ ಇಳಿದು, ಕಲ್ಲಿನ ಮೋರಿಯಲ್ಲಿ ಹರಿದು, ಹೊರಗಿನ ಪೇರಲ ಗಿಡದ ಬುಡಕ್ಕೆ ಹೋಯಿತು. ಎಲ್ಲೂ ಗಂಟು ಹಾಕದೆ ಬಿಳಿ ಬಟ್ಟೆ ಸುತ್ತಿ, ಅದರ ಮೇಲೆ ಮತ್ತೆ ನಿಲುವಂಗಿ ತೊಡಿಸಿದರು. ಹೊತ್ತು ಇಳಿಯುವಾಗ ದಾನಿಯೇಲಪ್ಪ ಪೆಟ್ಟಿಗೆಯ ಮುಂದೆ ನಿಂತು, ಅಂದು ಹುಸೇನ್‌ಬೀ ತಪ್ಪಿಲ್ಲದೆ ಒಪ್ಪಿಸಿದ್ದ ಆ ಪ್ರಾರ್ಥನೆಯನ್ನೇ ಹೇಳಿದ. ದೂರ ನಿಂತಿದ್ದ ಹುಸೇನ್‌ಬೀ ಬಿಕ್ಕಿ ಬಿಕ್ಕಿ ಅತ್ತಳು.

ಮಸ್ಕಿಯಲ್ಲಿ ಜಂಗ್ಲಿಸಾಬ್ ಗಾಡಿ ನಿಲ್ಲುವಲ್ಲೇ ಕಾದಿದ್ದ. "ತೊಳದಿಯೇನು?" ಎಂದು ಕೇಳಿದ. ಇಲ್ಲ ಎಂದಿದ್ದರೆ ಅವನೂ ನಂಬುತ್ತಿದ್ದ, ನಂಬಬೇಕೆಂದೇ ಅವನ ಮುಖ ಬೇಡುತ್ತಿತ್ತು. ಆದರೆ ಒಂದು ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು ಅವಳಿಗೆ.

"ತೊಳದೀನಿ, ಚಾಚಾ."

ಅಲ್ಲಿಂದ ಮುಂದೆ ಯಾರೂ ಅವಳನ್ನು ಕರೆಯಲಿಲ್ಲ. ಬಳೆ ಮಾರುವ ಚಾಂದ್‌ಬೀಗೆ ಆ ಕೆಲಸ ಬಿತ್ತು. ಪಾಪ, ಸತ್ತ ಕೋಳಿ ಕಂಡರೂ ಹೆದರುವ ಹೆಂಗಸು. ಹಾದಿಯಲ್ಲಿ ಹುಸೇನ್‌ಬೀ ಎದುರಾದರೆ ಬಳೆಯ ಮಲಾರ ಸರಿಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸುತ್ತಿದ್ದಳು. ಬಾವಿಯ ಬಳಿ ಹೆಂಗಸರು ಮಾತಾಡಿಸುತ್ತಿದ್ದರು, ಮನೆಯೊಳಗೆ ಮಾತ್ರ ಬಾ ಎನ್ನುತ್ತಿರಲಿಲ್ಲ.

ಬೇಸಿಗೆ ಬಂತು. ಶಂಶಾದ್‌ಬೀಗೆ ನೋವು ಶುರುವಾಯಿತು. ಸೂಲಗಿತ್ತಿ ಒಂದು ಹಗಲು ಹೆಣಗಾಡಿ ಕೈ ಚೆಲ್ಲಿದಳು. ದಾಕ್ಟರಮ್ಮನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ದವಾಖಾನೆಗೆ ಬೀಗ ಬಿದ್ದಿದೆ ಎಂದು ಪಂಪಣ್ಣ ಹೇಳಿದರೂ ಹುಸೇನ್‌ಬೀ ಬಂಡಿ ಕಟ್ಟಿಸಿದಳು. ಹೋಗಿ ಬಾಗಿಲು ಬಡಿದರೆ ದಾಕ್ಟರಮ್ಮ ಎದ್ದು ಬಂದಾಳು ಎಂಬಂತೆ. ಅರ್ಧ ದಾರಿಯಲ್ಲಿ ಶಂಶಾದ್‌ಬೀ ತಾಯಿಯ ಕೈ ಬಿಟ್ಟಳು. ಕೂಸು ಹೊರಗೆ ಬರಲೇ ಇಲ್ಲ. ಬಂಡಿ ತಿರುಗಿಸಿಕೊಂಡು ಬಂದರು.

ಹಿತ್ತಲಲ್ಲಿ ಗೋಣಿತಟ್ಟಿನ ಪರದೆ ಕಟ್ಟಿದರು. ಹಲಗೆ ಇಟ್ಟರು. ಹುಸೇನ್‌ಬೀಯೇ ನೀರು ಸೇದಿ ಕೊಡ ತುಂಬಿದಳು, ಬಾರಿ ಎಲೆ ಹಾಕಿ ಕಾಯಿಸಿದಳು. ಪರದೆ ಸರಿಸಲು ಕೈ ಚಾಚಿದಾಗ ಜಂಗ್ಲಿಸಾಬ್ ಅಡ್ಡ ಬಂದ. ಅವನ ಗಡ್ಡ ಕಣ್ಣೀರಿನಿಂದ ತೊಯ್ದಿತ್ತು.

"ತೋಬಾ ಅನ್ನು, ಹುಸೇನ್‌ಬೀ. ನಾಲ್ಕು ಮಂದಿ ಮುಂದ, ನಾ ಅವತ್ತ ಮಾಡಿದ್ದು ತಪ್ಪು ಅನ್ನು. ಒಂದ ಮಾತು. ಅಂದು, ಒಳಗ ಹೋಗಿ ನಿನ್ನ ಮಗಳನ್ನ ನೀನ ತೊಳಿ. ನಿನ್ನ ಕಾಲು ಬೀಳ್ತೀನಿ."

ಒಂದು ಮಾತು. ಹುಸೇನ್‌ಬೀ ಬಾಯಿ ತೆರೆದಳು. ಬದುಕುವುದಕ್ಕೆ ಒಮ್ಮೆ ಈ ನಾಲಿಗೆ ಬೇರೆಯವರ ಪ್ರಾರ್ಥನೆ ಹೇಳಿತ್ತು. ಗೆಳತಿಗೆ ನೀರು ಹಾಕುವುದಕ್ಕೆ ಒಮ್ಮೆ ಸುಳ್ಳು ಹೇಳಿತ್ತು. ಈಗ ಮಗಳು. ಹೇಳಬೇಕೆಂದೇ ಇದ್ದಳು. ಆದರೆ ದಾಕ್ಟರಮ್ಮನಿಗೆ ಹಾಕಿದ ಆ ನೀರನ್ನು ತಪ್ಪು ಎಂದರೆ, ಸಿಂಧನೂರಿನ ರಸ್ತೆಯ ಬಾವಿಯೂ ಆಕೆಯ ತಾಯಿ ಆಗಿ ಹೋದ ಆ 'ಹೊಗಿ'ಯೂ ಸರಿ ಎಂದಂತೆ ಆಗುತ್ತದೆ ಎನ್ನಿಸಿತು. ಮೂರನೆಯ ಸಲ ನಾಲಿಗೆ ಹೊರಳಲಿಲ್ಲ. ಅವಳು ಪರದೆಯ ಈಚೆ, ಗೋಡೆಗೆ ಒರಗಿ, ನೆಲದ ಮೇಲೆ ಕುಸಿದು ಕುಳಿತಳು.

ಚಾಂದ್‌ಬೀ ಒಳಗೆ ಹೋದಳು. ಚೊಂಬು ಕೊಡಕ್ಕೆ ತಾಗಿದ ಸದ್ದು, ಒಂದಿಷ್ಟು ನೀರು ಬಿದ್ದ ಸದ್ದು, ಮತ್ತೆ ನಿಂತಿತು. ಪರದೆಯ ಆಚೆಯಿಂದ ಚಾಂದ್‌ಬೀ ಅಳುತ್ತಿರುವುದು ಕೇಳಿಸಿತು.

"ಆಪಾ," ಎಂದಳು ಕಡೆಗೆ, "ನನಗ ತಿಳೀವಲ್ದು. ಯಾವ ಕಡಿ ಮೊದಲು?"

ಅಂಗಳದಲ್ಲಿದ್ದವರೆಲ್ಲ ಜಂಗ್ಲಿಸಾಬನ ಮುಖ ನೋಡಿದರು. ಅವನು ತಿರುಗಿ ಗೋಡೆಗೆ ಮುಖ ಮಾಡಿ ನಿಂತ.

"ಬಲಗಡಿ, ಚಾಂದ್‌ಬೀ," ಎಂದಳು ಹುಸೇನ್‌ಬೀ. "ಬಲಗಡಿ ಮೊದಲು. ಹೆದರಬ್ಯಾಡ. ನಿಧಾನ ಹಾಕು, ಧಾರಿ ಕಡೀಬ್ಯಾಡ."

ಗೋಣಿತಟ್ಟಿನ ಆಚೆ ನೀರು ಬೀಳತೊಡಗಿತು. ಈಚೆ ಹುಸೇನ್‌ಬೀ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಾನು ಹೆತ್ತ ಮೈಯ ಒಂದೊಂದೇ ಭಾಗದ ಹೆಸರು ಹೇಳುತ್ತ ಹೋದಳು.